ಮಾಜಿ ಸೈನಿಕರ ಬದುಕನ್ನು ಬರೆಯುವುದು ಹೇಗೆ: ಮೊದಲ ಭೇಟಿಯಿಂದ ಅಚ್ಚಿನವರೆಗೆ

ನನ್ನ ದೊಡ್ಡಪ್ಪ ಸೈನ್ಯದ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಶ್ರೀಲಂಕಾಗೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದು, ರಸ್ತೆಯಲ್ಲಿ ಹೂತಿಟ್ಟ ಸಿಡಿಮದ್ದು ಹುಡುಕಿ ತೆಗೆಯುವ ಕೆಲಸ ಮಾಡಿದವರು. ಹವಾಲ್ದಾರ್ ಆಗಿ ರಿಟೈರ್ ಆಗಿ, ಚನ್ನರಾಯಪಟ್ಟಣದ ಹತ್ತಿರದ ಊರಿನಲ್ಲಿ ತೋಟ ನೋಡಿಕೊಂಡಿದ್ದಾರೆ. ಅವರ ಬಗ್ಗೆ ನಾನು ಮೊದಲ ಸಲ ಬರೆದಾಗ ಒಂದು ಸಾಲು ಹೀಗಿತ್ತು: "ಇಂದಿಗೂ ಅವರು ಕಳೆ ಕೀಳುವಾಗ ಕುಡುಗೋಲಿನ ತುದಿಯನ್ನು ಓರೆಯಾಗಿಯೇ ಮಣ್ಣಿಗೆ ಇಳಿಸುತ್ತಾರೆ. ಲಂಕೆಯ ನೆಲಬಾಂಬು ಇನ್ನೂ ಅವರ ಕೈಯಲ್ಲಿದೆ."

ಸುಮ್ನೆ ಕಲ್ಪಿಸಿಕೊಂಡು ಬರೆದದ್ದಲ್ಲ. ನೆಲಬಾಂಬು ಹುಡುಕುವವರು ಸಲಾಕೆಯನ್ನು ನೇರವಾಗಿ ಚುಚ್ಚುವುದಿಲ್ಲ. ನೇರವಾಗಿ ಚುಚ್ಚಿದರೆ ಬಾಂಬಿನ ತಲೆಗೇ ತಗುಲುತ್ತದೆ. ಅದಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ, ಪಕ್ಕದಿಂದ, ಅಂಗುಲ ಅಂಗುಲವಾಗಿ ಒಳಗೆ ಕಳಿಸುತ್ತಾರೆ. ಇದನ್ನು ಓದಿದ್ದೆ. ದೊಡ್ಡಪ್ಪ ಕಳೆ ಕೀಳುವುದನ್ನೂ ನೋಡಿದ್ದೆ. ಎರಡನ್ನೂ ಸೇರಿಸಿಬಿಟ್ಟೆ.

ಓದಿ ಹೇಳಿದಾಗ ದೊಡ್ಡಪ್ಪ ಆ ಸಾಲಿಗೆ ತಡೆದರು. "ಅದು ನಮ್ಮಪ್ಪ ಕಲಿಸಿದ್ದು ಕಣೋ. ಆಲೂಗಡ್ಡೆ ಹೊಲದಲ್ಲಿ ಗೆಡ್ಡೆಗೆ ಏಟು ಬೀಳಬಾರದು ಅಂತ ಓರೆಯಾಗಿ ಹಾಕ್ತೀವಿ. ಮಿಲಿಟ್ರಿಗೆ ಸೇರೋಕೆ ಮುಂಚೆನೇ ನಂಗೆ ಬರ್ತಿತ್ತು. ಅದಕ್ಕೂ ಲಂಕಾಗೂ ಏನು ಸಂಬಂಧ?"

ಸಾಲು ಚೆನ್ನಾಗಿತ್ತು, ಆದರೆ ಸುಳ್ಳು. ಅವರ ಅಪ್ಪ ಕೊಟ್ಟುಹೋದ ಒಂದು ಕೆಲಸವನ್ನು ನಾನು ಕಿತ್ತು ಯುದ್ಧದ ಲೆಕ್ಕಕ್ಕೆ ಬರೆದಿದ್ದೆ. ಸೈನಿಕರ ಬಗ್ಗೆ ಬರೆಯುವವರಲ್ಲಿ ಪ್ರೀತಿಗೆ ಕೊರತೆ ಇರುವುದಿಲ್ಲ. ಎಡವಟ್ಟು ಆಗುವುದು ಅವರು ಹೇಳದ್ದನ್ನು ನಾವೇ ತುಂಬಿಸುವಾಗ. ಈ ಬರಹದಲ್ಲಿ ಹೇಳಿರುವ ಹೆಜ್ಜೆಗಳೆಲ್ಲ ಆ ತಪ್ಪಿನಿಂದ ಮತ್ತು ಆಮೇಲೆ ಹತ್ತಾರು ಮನೆಗಳ ಜಗಲಿಯಲ್ಲಿ ಕೂತು ಕಲಿತದ್ದರಿಂದ ಬಂದವು.

1. ಯಾರ ಬಗ್ಗೆ ಬರೆಯುತ್ತೀರಿ?

ಯುದ್ಧ ಅಂದ ಕೂಡಲೇ ನಮಗೆ ಕಾರ್ಗಿಲ್ ನೆನಪಾಗುತ್ತದೆ. 1999ರಲ್ಲಿ ಅದನ್ನು ಟಿವಿಯಲ್ಲಿ ನೋಡಿದ್ದೇವೆ. ಪ್ರತಿ ವರ್ಷ ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ ಬರುತ್ತದೆ, ಹೂವಿನ ಹಾರ ಬರುತ್ತದೆ. ಅಲ್ಲಿ ಹೋರಾಡಿದವರ ಕಥೆ ಬರೆಯಬೇಕು, ನಿಜ. ಆದರೆ ಯಾರೂ ಕೇಳದೆ ಬಿಟ್ಟವರು ಪಕ್ಕದ ಬೀದಿಯಲ್ಲೇ ಇರುತ್ತಾರೆ.

ಶ್ರೀಲಂಕಾ ತೆಗೆದುಕೊಳ್ಳಿ. 1987ರ ಜುಲೈ 29ರಂದು ಭಾರತ ಮತ್ತು ಶ್ರೀಲಂಕಾ ನಡುವಿನ ಒಪ್ಪಂದಕ್ಕೆ ಸಹಿ ಬಿತ್ತು. ಶಾಂತಿ ಕಾಯಲು ಅಂತ ಹೋದ ನಮ್ಮ ಸೈನ್ಯ ಅಕ್ಟೋಬರ್ ಹೊತ್ತಿಗೆ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿದಿತ್ತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬಂತು. ಅಷ್ಟರಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಕಾರ್ಗಿಲ್‌ನಲ್ಲಿ ಸತ್ತವರು 527. ಇವೆರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಲಂಕೆಯಿಂದ ಹಡಗುಗಳು ಮದ್ರಾಸಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ಅಲ್ಲಿ ಹೋರಾಡಿ ಬಂದವರು ಆ ದಿನವನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಹಾಗೇ ಸಿಯಾಚಿನ್. 1984ರ ಏಪ್ರಿಲ್‌ನಿಂದ ನಮ್ಮವರು ಅಲ್ಲಿದ್ದಾರೆ. ಗುಂಡಿಗಿಂತ ಹಿಮಕ್ಕೇ ಸತ್ತವರು ಜಾಸ್ತಿ. 2016ರ ಫೆಬ್ರವರಿ 3ರ ಹಿಮಪಾತದಲ್ಲಿ ಹೂತುಹೋದ ಹತ್ತು ಮಂದಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಆದ ಮೇಲೂ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹತ್ತರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಯವರೂ ಇದ್ದರು. ಅದೇ ಮಂಜಿನಲ್ಲಿ ಡ್ಯೂಟಿ ಮುಗಿಸಿ ಬಂದು ಈಗ ಬೆಂಗಳೂರಿನ ಎಟಿಎಂ ಮುಂದೆ ಸೆಕ್ಯೂರಿಟಿ ಗಾರ್ಡ್ ಆಗಿ ನಿಂತವರನ್ನು ನಾನು ಮಾತಾಡಿಸಿದ್ದೇನೆ. ಅವರ ಹತ್ತಿರವೂ ಕಥೆ ಇದೆ.

ಪದಕ ಬಂದವರನ್ನೇ ಹುಡುಕಬೇಡಿ. ಲಂಗರಿನಲ್ಲಿ, ಅಂದರೆ ಸೈನ್ಯದ ಅಡುಗೆಮನೆಯಲ್ಲಿ, ರೊಟ್ಟಿ ಬೇಯಿಸಿದವರು, ಟ್ರಕ್ ಓಡಿಸಿದವರು, ವೈರ್‌ಲೆಸ್ ಹಿಡಿದು ಕೂತವರು, ಗಾಯಾಳುಗಳನ್ನು ಹೊತ್ತವರು, ಮಿಲಿಟರಿ ಆಸ್ಪತ್ರೆಯ ನರ್ಸ್‌ಗಳು. ಇವರು ಕಂಡ ಯುದ್ಧ ಬೇರೆಯೇ.

ಒಂದು ಆತುರವೂ ಇದೆ. ಚೀನಾ ಯುದ್ಧ ನಡೆದ 1962ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ನಿಮ್ಮ ಊರಲ್ಲಿ ಅಂಥವರು ಇದ್ದರೆ ಮುಂದಿನ ದಸರಾ ರಜಕ್ಕೆ ಅಂತ ಮುಂದಕ್ಕೆ ಹಾಕಬೇಡಿ.

ಯಾರೂ ಪರಿಚಯ ಇಲ್ಲದಿದ್ದರೆ ತಾಲ್ಲೂಕಿನ ಮಾಜಿ ಸೈನಿಕರ ಸಂಘಕ್ಕೆ ಹೋಗಿ, ಇಲ್ಲವೇ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಪಟ್ಟಿ ಕೊಡಿ ಅಂತ ಕೇಳಬೇಡಿ. ನಿಮ್ಮ ನಂಬರ್ ಕೊಟ್ಟು, ಮಾತಾಡಲು ಇಷ್ಟ ಇದ್ದವರೇ ಫೋನ್ ಮಾಡಲಿ ಅಂತ ಹೇಳಿ ಬನ್ನಿ.

2. ಹೋಗುವ ಮೊದಲು ಓದಿಕೊಳ್ಳಿ

ಪುಸ್ತಕದಲ್ಲಿ ಸಿಗುವುದನ್ನು ಅವರ ಬಾಯಿಂದ ಕೇಳಿ ಅವರ ಸುಸ್ತು ಹೆಚ್ಚಿಸಬೇಡಿ. ಯುದ್ಧ ಯಾವಾಗ ಶುರುವಾಯಿತು, ಎಲ್ಲಿ ನಡೆಯಿತು, ಅವರ ರೆಜಿಮೆಂಟ್ ಯಾವುದು, ಅದರ ಕೆಲಸ ಏನು, ಇಷ್ಟು ಗೊತ್ತಿರಬೇಕು. ಸ್ಯಾಪರ್ ಅಂದರೆ ಸೇತುವೆ ಕಟ್ಟುವವರು, ರಸ್ತೆ ಬಿಡಿಸುವವರು, ನೆಲಬಾಂಬು ತೆಗೆಯುವವರು. ಅದು ಗೊತ್ತಿಲ್ಲದೆ "ನೀವು ಗಡಿಯಲ್ಲಿ ಗನ್ ಹಿಡಿದು ನಿಂತಿದ್ರಾ?" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ರ‍್ಯಾಂಕ್ ಕಲಿಯಿರಿ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಅದರ ಮೇಲೆ ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು: ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಸುಬೇದಾರ್ ಆದವರನ್ನು ಹವಾಲ್ದಾರ್ ಅಂತ ಬರೆದರೆ ಅವರ ಹತ್ತಾರು ವರ್ಷದ ದುಡಿಮೆಯನ್ನು ಅಳಿಸಿದ ಹಾಗೆ.

ಮಾಜಿ ಸೈನಿಕರ ಕನ್ನಡದಲ್ಲಿ ಪಲ್ಟನ್ನಿನ ಹಿಂದಿ ಬೆರೆತಿರುತ್ತದೆ. ಮೋರ್ಚಾ ಅಂದರೆ ಹೊಂಡ ತೋಡಿ ಕೂರುವ ಜಾಗ. ಸಂಗರ್ ಅಂದರೆ ಕಲ್ಲು ಪೇರಿಸಿದ ಅಡ್ಡಗೋಡೆ. ಕೋತ್ ಅಂದರೆ ಬಂದೂಕು ಇಡುವ ಕೋಣೆ. ಬುಖಾರಿ ಅಂದರೆ ಚಳಿಗೆ ಉರಿಸುವ ಸೀಮೆಎಣ್ಣೆ ಒಲೆ. ರಗಡಾ ಅಂದರೆ ಶಿಕ್ಷೆಯ ಕಸರತ್ತು. ಇಂಥ ಇಪ್ಪತ್ತು ಮಾತು ಗೊತ್ತಿದ್ದರೆ ಮಧ್ಯ ಮಧ್ಯ ತಡೆದು ಕೇಳಬೇಕಾಗಿಲ್ಲ.

ಸಾಧ್ಯವಾದರೆ ಒಂದು ಸಂಗ್ರಹಾಲಯ ನೋಡಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಹುಟ್ಟಿದ ಮನೆ 'ಸನ್ನಿಸೈಡ್' ಈಗ ಮ್ಯೂಸಿಯಂ ಆಗಿದೆ. ಬಂದೂಕಿನ ತೂಕ, ಹಳೆಯ ಬೂಟಿನ ಗಾತ್ರ, ಸಮವಸ್ತ್ರದ ದಪ್ಪ ಇವನ್ನೆಲ್ಲ ಕಣ್ಣಾರೆ ಕಂಡರೆ ನಿಮ್ಮ ಪ್ರಶ್ನೆಗಳೂ ಬದಲಾಗುತ್ತವೆ.

3. ಒಪ್ಪಿಗೆ ಅಂದರೆ ತಲೆ ಆಡಿಸುವುದಷ್ಟೇ ಅಲ್ಲ

ಹಳ್ಳಿಯಲ್ಲಿ ಮನೆಗೆ ಬಂದವರಿಗೆ ಯಾರೂ 'ಆಗಲ್ಲ' ಅನ್ನುವುದಿಲ್ಲ. ಕಾಫಿ ಕೊಡುತ್ತಾರೆ, ಕೂರಿಸುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ.

ಕನ್ನಡದಲ್ಲಿ ಒಂದು ಹಾಳೆ ಬರೆದುಕೊಂಡು ಹೋಗಿ, ಓದಿ ಹೇಳಿ. ಅದರಲ್ಲಿ ಇಷ್ಟು ಇರಲಿ: ಇದನ್ನು ಎಲ್ಲಿ ಹಾಕುತ್ತೇನೆ, ಯಾರು ಓದುತ್ತಾರೆ, ನಿಮ್ಮ ಹೆಸರು ಹಾಕಬೇಕೋ ಬೇಡವೋ, ಯಾವ ಪ್ರಶ್ನೆಗೂ ಉತ್ತರ ಕೊಡದೇ ಇರಬಹುದು, ಹೇಳಿದ ಮೇಲೂ ಬೇಡ ಅನ್ನಿಸಿದರೆ ತೆಗೆಸಬಹುದು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಕೊನೆಯ ಮಾತನ್ನು ಎರಡು ಸಲ ಹೇಳಿ. ಒಪ್ಪಿಗೆಯನ್ನು ಒಂದೇ ಸಲ ಕೇಳಿ ಮುಗಿಸಬೇಡಿ. ಶುರುವಿನಲ್ಲಿ, ಕಷ್ಟದ ಭಾಗ ಬಂದಾಗ, ಬರೆದು ಮುಗಿಸಿದ ಮೇಲೆ, ಮೂರು ಸಲವೂ ಕೇಳಿ.

ಈಗಲೂ ಸೇವೆಯಲ್ಲಿ ಇರುವವರನ್ನು ಮಾತಿಗೆಳೆಯಬೇಡಿ. ಮೇಲಿನವರ ಅನುಮತಿ ಇಲ್ಲದೆ ಅವರು ಪತ್ರಿಕೆಗಳಿಗೆ ಮಾತಾಡುವಂತಿಲ್ಲ. ರಿಟೈರ್ ಆದವರಿಗೂ ಸರ್ಕಾರಿ ರಹಸ್ಯಗಳ ಕಾಯ್ದೆ, ಅಂದರೆ 1923ರ ಕಾನೂನು, ಅನ್ವಯಿಸುತ್ತದೆ. ಈಗಲೂ ಬಳಕೆಯಲ್ಲಿರುವ ಪೋಸ್ಟ್‌ಗಳ ಜಾಗ, ಆಯುಧದ ವಿವರ, ಸಂಕೇತ ಇವು ನಿಮ್ಮ ಬರಹಕ್ಕೆ ಬೇಕಾಗಿಯೂ ಇಲ್ಲ. ಬಾಯ್ತಪ್ಪಿ ಹೇಳಿದರೆ ನೀವೇ ತೆಗೆದುಬಿಡಿ.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂಜೆ ಹೋದರೆ ಮಿಲಿಟರಿ ಕ್ಯಾಂಟೀನ್ ರಮ್ ಹೊರಗೆ ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ. ಆ ಹೊತ್ತಿನಲ್ಲಿ ಹೇಳಿದ ಮಾತನ್ನು ಬರೆಯಬೇಡಿ. ಬೆಳಿಗ್ಗೆ ಹೋಗಿ, "ನಿನ್ನೆ ಹೀಗಂದ್ರಿ, ಬರ್ಕೊಳ್ಳಲಾ?" ಅಂತ ಕೇಳಿ. ಬೇಡ ಅಂದರೆ ಮರೆತುಬಿಡಿ.

4. ಮೊದಲ ಭೇಟಿಗೆ ರೆಕಾರ್ಡರ್ ಬೇಡ

ಮೊದಲ ದಿನ ಸುಮ್ನೆ ಹೋಗಿ ಬನ್ನಿ. ತೋಟ ನೋಡಿ, ಹಸು ನೋಡಿ, ಪಿಂಚಣಿ ತೊಂದರೆ ಕೇಳಿಸಿಕೊಳ್ಳಿ. ಮಾಜಿ ಸೈನಿಕರ ಮನೆಯಲ್ಲಿ ಯುದ್ಧಕ್ಕಿಂತ ಮೊದಲು ಬರುವ ವಿಷಯ ಒಆರ್‌ಒಪಿ (ಒಂದೇ ರ‍್ಯಾಂಕಿಗೆ ಒಂದೇ ಪಿಂಚಣಿ), ಇಸಿಎಚ್‌ಎಸ್ ಕಾರ್ಡು (ಮಾಜಿ ಸೈನಿಕರ ಆರೋಗ್ಯ ಯೋಜನೆಯದು), ಕ್ಯಾಂಟೀನ್ ಕ್ಯೂ. ಬೇಜಾರು ಮಾಡಿಕೊಳ್ಳಬೇಡಿ. ಇವತ್ತಿನ ಅವರ ಬದುಕು ಅದೇ, ನಿಮ್ಮ ಬರಹದಲ್ಲಿ ಅದಕ್ಕೂ ಜಾಗ ಬೇಕು.

ಏನಂತ ಕರೆಯಬೇಕು ಅನ್ನುವುದನ್ನು ಅವರ ಊರೇ ಹೇಳುತ್ತದೆ. ಬೆಳಗಾವಿ ಕಡೆ "ಕಾಕಾ" ಅಂದರೆ ಸರಿ. ನಮ್ಮ ಕಡೆ "ಅಜ್ಜ", "ಮಾವ" ನಡೆಯುತ್ತದೆ. ಕೆಲವರಿಗೆ "ಸುಬೇದಾರ್ ಸಾಹೇಬ್ರೇ" ಅಂದರೆ ಮುಖ ಅರಳುತ್ತದೆ. ಮನೆಯ ಅಕ್ಕಪಕ್ಕದವರು ಏನಂತ ಕರೆಯುತ್ತಾರೋ ಗಮನಿಸಿ, ಅದನ್ನೇ ಹಿಡಿಯಿರಿ.

ದಿನ ಆರಿಸುವಾಗಲೂ ಯೋಚಿಸಿ. ಆಗಸ್ಟ್ 15, ಜನವರಿ 26 ಬೇಡ. ಆ ದಿನಗಳಲ್ಲಿ ಅವರು ಸ್ಟೇಜಿನ ಮಾತು ಆಡುತ್ತಾರೆ. ದೀಪಾವಳಿ ಸುತ್ತಮುತ್ತಲೂ ಬೇಡ. ಎಲ್ಲರಿಗೂ ಪಟಾಕಿ ಸದ್ದು ತೊಂದರೆ ಕೊಡುತ್ತದೆ ಅಂತಲ್ಲ, ಆದರೆ ಕೆಲವರಿಗೆ ಕೊಡುತ್ತದೆ. ಅದು ಯಾರಿಗೆ ಅಂತ ನಿಮಗೆ ಮುಂಚೆ ಗೊತ್ತಿರುವುದಿಲ್ಲ.

ಎರಡನೇ ಭೇಟಿಗೆ ಫೋನ್‌ನಲ್ಲಿ ರೆಕಾರ್ಡ್ ಮಾಡಿದರೂ ಸಾಕು. ಏರೋಪ್ಲೇನ್ ಮೋಡ್ ಹಾಕಿ. ಟೇಬಲ್ ಮೇಲೆ ನೇರ ಇಡಬೇಡಿ, ಮಡಚಿದ ಟವೆಲ್ ಮೇಲೆ ಇಡಿ. ಲೋಟ ಇಟ್ಟ ಸದ್ದು ಕಿವಿಗೆ ಹೊಡೆಯುವುದಿಲ್ಲ. ರೆಕಾರ್ಡ್ ಆಗುತ್ತಿದ್ದರೂ ನೋಟ್ ಬುಕ್ ಇರಲಿ. ಕೈ ಏನು ಮಾಡುತ್ತಿತ್ತು, ಯಾವಾಗ ಎದ್ದು ಹೋದರು, ಇವು ರೆಕಾರ್ಡಿಂಗ್‌ನಲ್ಲಿ ಬರುವುದಿಲ್ಲ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನನಗೆ ಐದಾರು ಗಂಟೆ ಹಿಡಿಯುತ್ತದೆ, ಹಾಗಾಗಿ ಒಂದು ಸಲಕ್ಕೆ ಒಂದೂವರೆ ಗಂಟೆಗಿಂತ ಜಾಸ್ತಿ ಕೂರುವುದಿಲ್ಲ. ಅವರಿಗೂ ಅಷ್ಟು ಸಾಕು.

5. ಏನು ಕೇಳಬೇಕು

ಇಲ್ಲೇ ಎಲ್ಲ ಇರುವುದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಎರಡು ಪ್ರಶ್ನೆ ಎಂದೂ ಕೇಳಬೇಡಿ. "ಎಷ್ಟು ಜನರನ್ನ ಕೊಂದ್ರಿ?" ಮತ್ತು "ಆಗ ಹೆಂಗನ್ನಿಸ್ತು?" ಮೊದಲನೆಯದು ಯಾಕೆ ಬೇಡ ಅಂತ ಎಲ್ಲರಿಗೂ ಗೊತ್ತು, ಆದರೂ ಮನೆಯ ಮಕ್ಕಳಿಂದ ಹಿಡಿದು ಟಿವಿಯವರ ತನಕ ಎಲ್ಲರೂ ಕೇಳುತ್ತಾರೆ. ಎರಡನೆಯದು ನೋಡಲು ಮೃದು. ಆದರೆ ಅದಕ್ಕೆ ಸಿಗುವುದು ಸಿದ್ಧ ಉತ್ತರ: "ದೇಶಕ್ಕಾಗಿ ಹೆಮ್ಮೆ ಅನ್ನಿಸ್ತು." ಹೆಮ್ಮೆ ಸುಳ್ಳಲ್ಲ. ಆದರೆ ಆ ಉತ್ತರವನ್ನು ಅವರು ನೂರು ಸಲ ಕೊಟ್ಟಿದ್ದಾರೆ, ಅದರ ಹಿಂದೆ ಏನಿದೆ ಅಂತ ಅವರೇ ನೋಡುವುದನ್ನು ಬಿಟ್ಟಿರುತ್ತಾರೆ.

ಕೈಗೆ ಸಿಗುವ ವಸ್ತುಗಳಿಂದ ಶುರು ಮಾಡಿ. ಪ್ರತಿ ಮಾಜಿ ಸೈನಿಕರ ಮನೆಯಲ್ಲೂ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಕರಿ ಟ್ರಂಕ್ ಇರುತ್ತದೆ. ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು ಬರೆದಿರುತ್ತದೆ. "ಟ್ರಂಕ್ ತೋರಿಸ್ತೀರಾ?" ಅಂದರೆ ಸಾಕು. ಒಳಗೆ ಡಿಸ್ಚಾರ್ಜ್ ಬುಕ್, ಹಳೇ ಬೆಲ್ಟು, ಗ್ರೂಪ್ ಫೋಟೊ, ಇನ್‌ಲ್ಯಾಂಡ್ ಲೆಟರ್ ಕಟ್ಟು. ಫೋಟೊದಲ್ಲಿ ಇರುವವರ ಹೆಸರು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಒಂದು ಮುಖದ ಹತ್ತಿರ ಬೆರಳು ನಿಲ್ಲುತ್ತದೆ. ಆಗ ನೀವು ಮಾತಾಡಬೇಡಿ.

ಕಾಗದಗಳ ಮೇಲೆ ಊರಿನ ಹೆಸರು ಇರುವುದಿಲ್ಲ, '56 ಎಪಿಒ' ಇಲ್ಲವೇ '99 ಎಪಿಒ' ಅಂತ ಸೈನ್ಯದ ಅಂಚೆ ಕಚೇರಿಯ ನಂಬರ್ ಮಾತ್ರ. ಗಂಡ ಎಲ್ಲಿದ್ದಾರೆ ಅಂತ ಹೆಂಡತಿಗೂ ಗೊತ್ತಿರಲಿಲ್ಲ. "ಕಾಗದ ಬರೆಯೋಕೆ ಎಲ್ಲಿ ಕೂತ್ಕೊಳ್ತಿದ್ರಿ? ಏನು ಬರೀತಿದ್ರಿ, ಏನು ಬರೀತಿರಲಿಲ್ಲ?" ಈ ಕೊನೆಯ ಪ್ರಶ್ನೆಗೆ ನನಗೆ ಎಂದೂ ಬರಿಗೈ ಉತ್ತರ ಸಿಕ್ಕಿಲ್ಲ.

ನಾನು ಕೇಳುವ ಇನ್ನು ಕೆಲವು: ಮೊದಲ ರಜಕ್ಕೆ ಬಂದಾಗ ರೈಲು ಇಳಿದು ಮನೆಗೆ ಹೇಗೆ ಬಂದಿರಿ? ಅಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮಾಡುತ್ತಿದ್ದ ಕೆಲಸ ಯಾವುದು? ಕಾಲಿಗೆ ಏನು ಹಾಕುತ್ತಿದ್ದಿರಿ? ರಾತ್ರಿ ಯಾವ ಸದ್ದು ಕೇಳುತ್ತಿತ್ತು? ಕನ್ನಡ ಮಾತಾಡೋಕೆ ಯಾರಾದರೂ ಇದ್ದರಾ? ಊಟಕ್ಕೆ ಏನಿತ್ತು?

ಊಟದ ಪ್ರಶ್ನೆಯನ್ನು ನಾನು ದೊಡ್ಡಪ್ಪನಿಗೂ ಕೇಳಿದ್ದೆ. ನೆಲಬಾಂಬಿನ ಬಗ್ಗೆ ಎರಡು ದಿನ ಕೇಳಿದರೂ ಲೆಕ್ಕ ಒಪ್ಪಿಸುವ ಹಾಗೆ ಉತ್ತರ ಕೊಟ್ಟವರು, ಊಟ ಅಂದ ಕೂಡಲೇ ಎಳನೀರಿನ ವಿಷಯ ತೆಗೆದರು. ತೋಟದಲ್ಲಿ ನನಗೆ ಅಂತ ಎಳನೀರು ಕೆತ್ತುತ್ತಿದ್ದರು. "ಅಲ್ಲೂ ತೆಂಗಿನಮರ ಕಣೋ, ನಮ್ಮೂರ ಹಂಗೇನೇ" ಅಂದರು. ಒಂದು ದಿನ ರಸ್ತೆ ಪರೀಕ್ಷೆ ಮಾಡಿಕೊಂಡು ಹೋಗುವಾಗ ಒಬ್ಬ ಅಜ್ಜಿ ಬೇಲಿ ಹತ್ತಿರ ಬಂದು ಎಳನೀರು ಚಾಚಿದಳಂತೆ. "ತಂಬಿ, ಕುಡಿಪ್ಪಾ" ಅಂದಳಂತೆ. ಮದ್ರಾಸ್ ಸ್ಯಾಪರ್ಸ್‌ನವರನ್ನು ಸೈನ್ಯದಲ್ಲಿ ಎಲ್ಲರೂ ತಂಬಿ ಅಂತಲೇ ಕರೆಯುವುದು. ದೊಡ್ಡಪ್ಪನಿಗೆ ತಮಿಳು ಬರುತ್ತಿತ್ತು. ಹೊರಗಿನವರ ಕೈಯಿಂದ ಏನೂ ತಗೋಬೇಡಿ ಅಂತ ಆರ್ಡರ್ ಇತ್ತು. ವಿಷದ ಭಯ.

"ತಗೊಳ್ಳಲಿಲ್ಲ. ಆಯಮ್ಮ ಕೈ ಚಾಚ್ಕೊಂಡೇ ನಿಂತಿದ್ಲು. ನಾನು ನೆಲ ನೋಡ್ಕೊಂಡು ಮುಂದಕ್ಕೆ ಹೋದೆ."

ಅಷ್ಟು ಹೇಳಿ ಕತ್ತಿ ಕೆಳಗಿಟ್ಟರು. ಕೆತ್ತಿದ ಎಳನೀರನ್ನು ನನ್ನ ಕೈಗೆ ಕೊಟ್ಟರು. ನಾನು ಕುಡಿದೆ. ಇಬ್ಬರೂ ಮಾತಾಡಲಿಲ್ಲ.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ನಮಗೆ ಮೌನ ಅಂದರೆ ಗಾಬರಿ, ಏನಾದರೂ ಅಂದುಬಿಡುತ್ತೇವೆ. "ಪಾಪ, ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ" ಅನ್ನಬೇಡಿ. ಅರ್ಥ ಆಗಿರುವುದಿಲ್ಲ, ಅದು ಅವರಿಗೂ ಗೊತ್ತು.

6. ನೋವು ಎದ್ದು ಬಂದರೆ

ಉಸಿರು ಜೋರಾಗುವುದು, ಕೈ ನಡುಗುವುದು, ಅದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಎದುರಿಗಿರುವ ನಿಮ್ಮನ್ನು ನೋಡದೇ ಎಲ್ಲೋ ನೋಡುವುದು. ಇವು ಕಂಡರೆ ರೆಕಾರ್ಡಿಂಗ್ ನಿಲ್ಲಿಸಿ. ನೀರು ಕೊಡಿ. "ಇವತ್ತಿಗೆ ಸಾಕು" ಅಂತ ನೀವೇ ಹೇಳಿ, ಅವರು ಹೇಳಲಿ ಅಂತ ಕಾಯಬೇಡಿ. ಎಷ್ಟೋ ಜನ ಆರ್ಡರ್ ಪಾಲಿಸಿ ಅಭ್ಯಾಸ ಆದವರು, ಅರ್ಧಕ್ಕೆ ನಿಲ್ಲಿಸುವುದು ಅವರಿಗೆ ಗೊತ್ತಿಲ್ಲ.

ಭಾರದ ಮಾತು ಮುಗಿದ ಕೂಡಲೇ ಚೀಲ ಹೆಗಲಿಗೇರಿಸಿ ಹೊರಡಬೇಡಿ. ಅರ್ಧ ಗಂಟೆ ಕೂತು ಮಳೆ, ಬೆಳೆ, ಮೊಮ್ಮಕ್ಕಳ ಸ್ಕೂಲು ಮಾತಾಡಿ. ಅವರು ಮತ್ತೆ ಇವತ್ತಿಗೆ, ಈ ಮನೆಗೆ ಬಂದಿದ್ದಾರೆ ಅನ್ನಿಸಿದ ಮೇಲೆ ಏಳಿ. ಮಾರನೇ ದಿನ ಒಂದು ಫೋನ್ ಮಾಡಿ, ನಿದ್ದೆ ಬಂತಾ ಅಂತ ಕೇಳಿ.

ನೀವು ಡಾಕ್ಟರ್ ಅಲ್ಲ. ಆಘಾತದ ನಂತರದ ಈ ಮನಸ್ಸಿನ ಕಾಯಿಲೆಗೆ 'ಪಿಟಿಎಸ್‌ಡಿ' ಅನ್ನುವ ಹೆಸರು ವೈದ್ಯರ ಪುಸ್ತಕ ಸೇರಿದ್ದೇ 1980ರಲ್ಲಿ. ಅದಕ್ಕೂ ಮುಂಚೆ, ಮೊದಲ ಮಹಾಯುದ್ಧದ ಕಾಲದಲ್ಲಿ ಅದನ್ನು 'ಶೆಲ್ ಶಾಕ್' ಅನ್ನುತ್ತಿದ್ದರು. ವೈದ್ಯರು ಹೇಳದೆ ನಿಮ್ಮ ಬರಹದಲ್ಲಿ ಯಾರಿಗೂ ಆ ಹೆಸರು ಅಂಟಿಸಬೇಡಿ. ರಾತ್ರಿ ಎರಡಕ್ಕೆ ಎದ್ದು ಗೇಟ್ ನೋಡಿ ಬರುತ್ತಾರೆ ಅಂದರೆ ಅಷ್ಟನ್ನೇ ಬರೆಯಿರಿ. ಸಹಾಯ ಬೇಕು ಅನ್ನಿಸಿದರೆ ಟೆಲಿ ಮಾನಸ್ ನಂಬರ್ 14416 ಕೊಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರ ಹತ್ತಿರವೂ ಆ ನಂಬರ್ ಇರಲಿ.

ನಿಮ್ಮನ್ನೂ ನೋಡಿಕೊಳ್ಳಿ. ಸಾವಿನ ಮಾತನ್ನು ಗಂಟೆಗಟ್ಟಲೆ ಕೇಳಿ ಟೈಪ್ ಮಾಡಿದರೆ ಅದು ನಿಮ್ಮೊಳಗೂ ಇಳಿಯುತ್ತದೆ. ನಾನು ರಾತ್ರಿ ಹೊತ್ತು ಆ ಕೆಲಸ ಮಾಡುವುದನ್ನು ಬಿಟ್ಟಿದ್ದೇನೆ.

7. ದೊಡ್ಡಮ್ಮನನ್ನೂ ಕೇಳಿ

ಗಂಡಸರು ಜಗಲಿಯಲ್ಲಿ ಯುದ್ಧದ ಮಾತಾಡುವಾಗ ಒಳಗೆ ಒಬ್ಬರು ಕಾಫಿ ಕಾಯಿಸುತ್ತಿರುತ್ತಾರೆ. ಆ ಯುದ್ಧವನ್ನು ಅವರೂ ಇಲ್ಲಿಂದಲೇ ನಡೆಸಿದವರು. ದೊಡ್ಡಮ್ಮ ಹೇಳಿದ ಒಂದು ವಿಷಯ ದೊಡ್ಡಪ್ಪನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡರೆ ದೊಡ್ಡಮ್ಮ ಅವನ ಕೈ ನೋಡುತ್ತಿದ್ದರಂತೆ. ಕಾಗದವಾದರೆ ಕಟ್ಟಿನೊಳಗೆ ಇರುತ್ತದೆ. ತಂತಿಯಾದರೆ ಬೇರೆಯಾಗಿ ಕೈಯಲ್ಲಿ ಹಿಡಿದಿರುತ್ತಾನೆ. ಅವನು ಮನೆ ದಾಟುವ ತನಕ ಒರಳಿನ ಮುಂದಿಂದ ಏಳುತ್ತಿರಲಿಲ್ಲವಂತೆ.

ಹೆಂಡತಿ, ಮಕ್ಕಳನ್ನು ಬೇರೆಯಾಗಿ ಮಾತಾಡಿಸಿ, ಅವರಿಂದಲೂ ಬೇರೆಯಾಗಿ ಒಪ್ಪಿಗೆ ತಗೊಳ್ಳಿ. ಅವರು ನಿಮ್ಮನ್ನು ನಂಬಿ ಹೇಳಿದ್ದನ್ನು ಗಂಡನ ಮುಂದೆ ನೀವಾಗಿ ಎತ್ತಬೇಡಿ. ಕುಡಿತ, ಕೋಪ, ಹೊಡೆತ ಇಂಥ ಮಾತು ಬಂದರೆ ಇನ್ನೂ ಹುಷಾರು. ನೀವು ಹೊರಟ ಮೇಲೆ ಆ ಮನೆಯಲ್ಲಿ ಉಳಿಯುವವರು ಅವರೇ.

8. ನಂಬಿ, ಹಾಗೇ ಪರಿಶೀಲಿಸಿ

1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ 13 ಕುಮಾವ್ ಪಲ್ಟನ್ನಿನ ಒಂದು ಕಂಪನಿ ಚೀನಾ ಸೈನ್ಯವನ್ನು ಎದುರಿಸಿತು. ಹತ್ತಿರಹತ್ತಿರ 120 ಜನ ಇದ್ದರು, ಬಹುಪಾಲು ಎಲ್ಲರೂ ಸತ್ತರು. ಬದುಕಿ ಬಂದ ಕೆಲವರು ನಡೆದದ್ದು ಹೇಳಿದಾಗ ಜನ ನಂಬಲಿಲ್ಲ. ಮರುವರ್ಷ ಹಿಮದಲ್ಲಿ ಹೆಣಗಳು ಸಿಕ್ಕವು. ತಮ್ಮ ತಮ್ಮ ಮೋರ್ಚಾಗಳಲ್ಲೇ, ಆಯುಧ ಹಿಡಿದ ಹಾಗೇ ಇದ್ದವು. ಆಮೇಲೆ ನಂಬಿದರು. ಆ ಕೆಲವು ತಿಂಗಳು ಬದುಕಿ ಬಂದವರು ಊರಿನವರ ಮುಖ ಹೇಗೆ ನೋಡಿರಬೇಕು? ನಿಮ್ಮ ಎದುರು ಕೂತವರ ಮಾತು ನಂಬಲಾಗದ ಹಾಗೆ ಕೇಳಿಸಿದಾಗ ರೆಜಾಂಗ್ ಲಾ ನೆನಪಿಸಿಕೊಳ್ಳಿ.

ಆದರೆ ನೆನಪು ಜಾರುವುದೂ ನಿಜ. ವರ್ಷ ತಪ್ಪುತ್ತದೆ, ಬೇರೆಯವರಿಗೆ ಆದದ್ದು ತನಗೇ ಆದ ಹಾಗೆ ಸೇರಿಕೊಳ್ಳುತ್ತದೆ. ಡಿಸ್ಚಾರ್ಜ್ ಬುಕ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಪದಕ ಎಲ್ಲ ಇರುತ್ತದೆ. ಜೊತೆಗಿದ್ದ ಇನ್ನೊಬ್ಬರನ್ನು ಕೇಳಿ. ಹಳೆಯ ಪತ್ರಿಕೆ ನೋಡಿ. ಒಬ್ಬರು ಕಾರ್ಗಿಲ್ ಯುದ್ಧದಲ್ಲಿ ಟೋಲೋಲಿಂಗ್ ಬೆಟ್ಟ ಕೈಗೆ ಬಂದದ್ದು ಜುಲೈನಲ್ಲಿ ಅಂದರೆ, ಅದು ಜೂನ್ 13 ಅಂತ ಗೊತ್ತಾಗಲು ಹೆಚ್ಚು ಹೊತ್ತು ಬೇಡ. ಅವರು ನೆನೆಸಿಕೊಳ್ಳುತ್ತಿರುವುದು ಜುಲೈ 4ರ ಟೈಗರ್ ಹಿಲ್ ಇರಬಹುದು. "ಸುಳ್ಳು ಹೇಳಿದ್ರಿ" ಅನ್ನುವ ಧಾಟಿ ಬೇಡ. "ಪೇಪರ್‌ನಲ್ಲಿ ಹೀಗಿದೆ ಅಜ್ಜ, ನೀವಿದ್ದದ್ದು ಯಾವುದರಲ್ಲಿ?" ಅಂದರೆ ಅವರೇ ಸರಿ ಮಾಡುತ್ತಾರೆ. ದಾಖಲೆ ಒಂದು ಹೇಳಿ, ಅವರು ಇನ್ನೊಂದನ್ನೇ ಗಟ್ಟಿಯಾಗಿ ಹೇಳಿದರೆ ಎರಡನ್ನೂ ಬರೆಯಿರಿ.

ಕಷ್ಟದ ಒಂದು ವಿಷಯವನ್ನು ಇಲ್ಲೇ ಹೇಳಬೇಕು. ನಮ್ಮ ಸೈನಿಕರನ್ನು ಪ್ರೀತಿಸಿ ಬರೆಯುವಾಗ ಆ ಕಡೆಯ ಜನರನ್ನು ಮರೆಯಬಾರದು. 1987ರ ಅಕ್ಟೋಬರ್‌ನಲ್ಲಿ ಜಾಫ್ನಾ ಆಸ್ಪತ್ರೆಗೆ ನಮ್ಮ ಪಡೆ ನುಗ್ಗಿದಾಗ ಅಲ್ಲಿನ ಡಾಕ್ಟರ್, ನರ್ಸ್, ರೋಗಿಗಳು ಸತ್ತರು. ಲಂಕೆಯ ಬಗ್ಗೆ ಬರೆಯುವವರು ಅದನ್ನು ಓದಿರಲೇಬೇಕು. ನಿಮ್ಮ ಮುಂದಿರುವವರು ಅಲ್ಲಿರಲಿಲ್ಲ, ಅವರು ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಆದರೆ ಅವರು ನಡೆದ ನೆಲ ಯಾವುದು ಅಂತ ಓದುಗರಿಗೆ ಗೊತ್ತಾಗಬೇಕು. ಎಳನೀರು ಚಾಚಿದ ಅಜ್ಜಿಯನ್ನು ದೊಡ್ಡಪ್ಪ ಮರೆತಿಲ್ಲ. ಅವರೇ ಮರೆಯದ ಮೇಲೆ ನಾನು ಹೇಗೆ ಬಿಡಲಿ?

9. ಬರೆಯಲು ಕೂತಾಗ

ಮೊದಲು ವಿಶೇಷಣಗಳನ್ನು ತೆಗೆಯಿರಿ. ವೀರ, ಧೀರ, ಕೆಚ್ಚೆದೆಯ, ಸಿಂಹದಂತೆ. ಇವು ಬಂದ ಕೂಡಲೇ ಮನುಷ್ಯ ಮರೆಯಾಗಿ ಕಲ್ಲಿನ ಮೂರ್ತಿ ನಿಲ್ಲುತ್ತದೆ. ಇದರ ಇನ್ನೊಂದು ತುದಿಯೂ ಇದೆ: ಪಾಪ, ನೊಂದ ಜೀವ, ಒಡೆದ ಮನಸ್ಸು. ಮೂರು ಎಕರೆ ತೋಟ ಮಾಡಿ, ಇಬ್ಬರು ಮಕ್ಕಳನ್ನು ಓದಿಸಿ, ಡೇರಿಯ ಅಧ್ಯಕ್ಷರಾಗಿ ಇರುವವರನ್ನು ಒಡೆದ ಮನಸ್ಸು ಅನ್ನಲು ನಾವ್ಯಾರು?

ನಾನು ಮೊದಲು ಬರೆದದ್ದು ಹೀಗಿತ್ತು: "ಸಾವಿನೊಂದಿಗೆ ಸೆಣಸಿದ ಆ ಧೀರ ಯೋಧನ ಕಣ್ಣಂಚಿನಲ್ಲಿ ಅಂದು ಕಂಬನಿ ಮಿಡಿಯಿತು. ಎಳನೀರು ನೀಡಿದ ಆ ಮಾತೆಯ ನೆನಪು ಅವರನ್ನು ಇಂದಿಗೂ ಕಾಡುತ್ತಿದೆ."

ಎರಡು ತಪ್ಪಿದೆ. ದೊಡ್ಡಪ್ಪ ಅಳಲಿಲ್ಲ. 'ಕಾಡುತ್ತಿದೆ' ಅಂತ ಅವರು ಹೇಳಲೂ ಇಲ್ಲ. ಈಗ ಇರುವುದು ಇಷ್ಟೇ: ಆರ್ಡರ್ ಏನಿತ್ತು, ಅಜ್ಜಿ ಏನಂದಳು, ಅವರು ಏನು ಮಾಡಿದರು, ಹೇಳಿದ ಮೇಲೆ ಕತ್ತಿ ಎಲ್ಲಿಟ್ಟರು. ಉಳಿದದ್ದು ಓದುಗರಿಗೆ ಬಿಟ್ಟದ್ದು.

ಅವರ ಮಾತನ್ನು ಅವರ ಮಾತಿನಲ್ಲೇ ಇಡಿ. ಹಾಸನದವರನ್ನು ಪುಸ್ತಕದ ಕನ್ನಡದಲ್ಲಿ ಮಾತಾಡಿಸಬೇಡಿ, ಧಾರವಾಡದವರ "ಹಂಗ ಅಲ್ರೀ" ಅನ್ನುವುದನ್ನು "ಹಾಗಲ್ಲ" ಮಾಡಬೇಡಿ. ಮಧ್ಯದ ಹಿಂದಿಯೂ ಇರಲಿ. ಆದರೆ ಓದುಗರು ನಗಲಿ ಅಂತ ಅಕ್ಷರ ವಕ್ರ ಮಾಡಿ ಬರೆಯಬೇಡಿ.

ಇನ್ನೊಂದು ಕೆಲಸ ಮಾಡಿ ನೋಡಿ. ಬರಹದಲ್ಲಿ ಯುದ್ಧಕ್ಕೆ ಎಷ್ಟು ಪುಟ, ಆಮೇಲಿನ ಬದುಕಿಗೆ ಎಷ್ಟು ಪುಟ ಅಂತ ಎಣಿಸಿ. ದೊಡ್ಡಪ್ಪ ಲಂಕೆಯಲ್ಲಿದ್ದದ್ದು ಎರಡು ವರ್ಷವೂ ಇಲ್ಲ. ವಾಪಸ್ ಬಂದು ಬದುಕಿದ್ದು ಮೂವತ್ತು ವರ್ಷಕ್ಕೂ ಜಾಸ್ತಿ. ಕೆಲಸಕ್ಕೆ ಅಲೆದದ್ದು, ಮಗಳು ತನ್ನನ್ನು ಗುರುತು ಹಿಡಿಯದೆ ಅಮ್ಮನ ಸೆರಗಿನ ಹಿಂದೆ ನಿಂತದ್ದು, ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸ ಬಿಡದೇ ಇರುವುದು. ಕಥೆಯ ದೊಡ್ಡ ಪಾಲು ಅಲ್ಲಿದೆ.

10. ಅಚ್ಚಿಗೆ ಕೊಡುವ ಮೊದಲು ಓದಿ ಹೇಳಿ

ವಾಟ್ಸಾಪ್‌ನಲ್ಲಿ ಕಳಿಸಿ "ನೋಡಿ ಹೇಳಿ" ಅಂದರೆ ಸಾಲದು. ಎದುರು ಕೂತು, ಗಟ್ಟಿಯಾಗಿ, ಪೂರ್ತಿ ಓದಿ. ಅವರ ಮುಖ ನೋಡುತ್ತಾ ಓದಿ. ಎಲ್ಲಿ ಹುಬ್ಬು ಗಂಟಿಕ್ಕುತ್ತದೋ ಅಲ್ಲಿ ನಿಲ್ಲಿಸಿ ಕೇಳಿ. ಕಳೆ ಕೀಳುವ ಸಾಲು ಸಿಕ್ಕಿಬಿದ್ದದ್ದು ಹೀಗೇ.

ತೆಗೆಯಿರಿ ಅಂದದ್ದನ್ನು ತೆಗೆಯಿರಿ. ಕೆಲವೊಮ್ಮೆ ಬರಹದ ಅತ್ಯುತ್ತಮ ಭಾಗವೇ ಹೋಗುತ್ತದೆ. ನನಗೆ ಹಾಗೆ ಒಂದು ಇಡೀ ಅಧ್ಯಾಯ ಹೋಗಿದೆ. ಬೆಳಗಾವಿ ಕಡೆಯ ಒಬ್ಬ ಕಾಕಾ, ಜೊತೆಗಾರನ ಕೊನೆಯ ರಾತ್ರಿಯ ಬಗ್ಗೆ ಎರಡು ಗಂಟೆ ಹೇಳಿದ್ದರು. ಓದಿದ ಮೇಲೆ, "ಅಂವನ ಅವ್ವ ಇನ್ನೂ ಅದಾಳ ತಮ್ಮಾ, ಬ್ಯಾಡ" ಅಂದರು. ಅಷ್ಟೇ. ಆ ಹಾಳೆಗಳನ್ನು ಅವರ ಕೈಗೇ ಕೊಟ್ಟು ಬಂದೆ.

ಸತ್ತವರ ಹೆಸರು ಬರೆಯುವಾಗ ಅವರ ಮನೆಯವರಿಗೆ ಮೊದಲು ತಿಳಿಸಿ. ಮಗ ಹೇಗೆ ಸತ್ತ ಅನ್ನುವ ವಿವರ ಅವರು ನಿಮ್ಮ ಬರಹದಿಂದ ತಿಳಿಯುವ ಹಾಗೆ ಆಗಬಾರದು.

ಪ್ರಕಟವಾದ ಮೇಲೆ ಪ್ರತಿ ತಗೊಂಡು ನೀವೇ ಹೋಗಿ ಕೊಡಿ. ರೆಕಾರ್ಡಿಂಗನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಯವರಿಗೆ ಕೊಡಿ, ನಿಮ್ಮ ಹತ್ತಿರ ಎರಡು ಕಡೆ ಇಟ್ಟುಕೊಳ್ಳಿ. ಫೈಲಿನ ಹೆಸರಿನಲ್ಲೇ ದಿನಾಂಕ, ಊರು ಇರಲಿ. ತೆಗೆಯಲು ಹೇಳಿದ ಭಾಗವನ್ನು ಎಲ್ಲ ಪ್ರತಿಗಳಿಂದಲೂ ಅಳಿಸಿ, ಅಳಿಸಿದ್ದೇನೆ ಅಂತ ಅವರಿಗೆ ಹೇಳಿ. ಆಮೇಲೆ ಬರೆಯುವ ಕೆಲಸ ಇಲ್ಲದಾಗಲೂ ಒಮ್ಮೆ ಹೋಗಿ ಬನ್ನಿ. ಕಳೆದ ತಿಂಗಳು ನಾನು ಹೋದಾಗ ದೊಡ್ಡಪ್ಪ ಲಂಕೆಯ ಮಾತೇ ತೆಗೆಯಲಿಲ್ಲ. ಆಲೂಗಡ್ಡೆಗೆ ಅಂಗಮಾರಿ ಬಿದ್ದಿತ್ತು, ಸಂಜೆ ತನಕ ಅದನ್ನೇ ಮಾತಾಡಿದೆವು.